ಊರ ಕಡೆ ಮುಖ ಮಾಡಿ ಹೋದ ಕಲ್ಲು

"ಆ ಗಾಡಿ ಉದ್ದಕ್ಕೂ ಹಿಂದಕ್ಕೇ ಹೋಯ್ತು ಮೇಡಂ," ಎನ್ನುತ್ತ ಕಿಟ್ಟಿ ದೋಸೆ ಕಾವಲಿಗೆ ನೀರು ಚಿಮುಕಿಸಿದ. "ಕಲ್ಲಿನ ಹತ್ರದಿಂದ ಮೇನ್ ರೋಡ್‌ವರೆಗೂ ರಿವರ್ಸಲ್ಲೇ."

ನಾನು ಕಾಫಿ ಲೋಟ ಕೆಳಗಿಟ್ಟೆ. ನೇಗಿಲಪಾಳ್ಯದ ಕರುಗಲ್ಲು ಕಳೆದ ಭಾನುವಾರ ಕಾಣೆಯಾಗಿತ್ತು. ಅದನ್ನು ಕದ್ದವಳು ಹಾಲಿನ ನರಸಮ್ಮನೇ ಎಂದು ಊರು ತೀರ್ಮಾನ ಮಾಡಿಯಾಗಿತ್ತು. ಅಲ್ಲವೆಂದು ತೋರಿಸಿಕೊಡಿ ಎಂದು ನರಸಮ್ಮ ನನ್ನನ್ನು ಗೊತ್ತು ಮಾಡಿದ್ದಳು. ಅಂದಿನಿಂದ ನಾನು ಈ ಊರಿನಲ್ಲಿ ಕುಡಿದ ಕಾಫಿಗೆ ಲೆಕ್ಕವಿಲ್ಲ. ಉಪಯೋಗಕ್ಕೆ ಬರುವ ಮಾತು ಸಿಕ್ಕಿದ್ದು ಮಾತ್ರ ಇದೇ ಮೊದಲು.

ಕಿಟ್ಟಿಯ ಹೋಟೆಲು ಊರ ಬಾಗಿಲಲ್ಲೇ ಇದೆ. ಹೇರೋಹಳ್ಳಿ ದಾಟಿ, ರಸ್ತೆಯ ಗುಂಡಿಗಳಿಗೆಲ್ಲ ಕುಶಲ ಕೇಳುತ್ತ ಬಂದರೆ ಮೊದಲು ಸಿಗುವುದು ಅದು. ಆ ಭಾನುವಾರ ಮಧ್ಯಾಹ್ನ ಊರಿಗೆ ಊರೇ ಸುಂಕದಕಟ್ಟೆಯ ಛತ್ರದಲ್ಲಿ ಬೀಗರ ಔತಣಕ್ಕೆ ಹೋಗಿತ್ತಂತೆ. ಗ್ಯಾಸ್ ಸಿಲಿಂಡರಿನವನು ಬರುತ್ತಾನೆಂದು ಕಿಟ್ಟಿ ಒಬ್ಬನೇ ಉಳಿದು ಒಳಗೆ ಬೆಂಚಿನ ಮೇಲೆ ಮಲಗಿದ್ದನಂತೆ. ಆಗ ರಿವರ್ಸ್ ಗೇರ್ ಹಾಕಿದರೆ ಹಾಡುವ ಪೀಪಿಯೊಂದು ಶುರುವಾಯಿತು. ನಿಲ್ಲಲೇ ಇಲ್ಲ. ಯಾವನೋ ಡ್ರೈವಿಂಗ್ ಕಲಿಯುತ್ತಿದ್ದಾನೆಂದು ಬೈದುಕೊಂಡು ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಮಲಗಿದ.

ಇದನ್ನು ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಕೇಳಿದೆ.

"ಊರಿಂದ ಆಚೆ ಹೋದ ಗಾಡಿ ನೋಡಿದ್ಯಾ ಅಂತ ಎಲ್ರೂ ಕೇಳಿದ್ರು. ಇದರ ಮೂತಿ ಊರ ಕಡೆಗಿತ್ತಲ್ಲ ಮೇಡಂ. ಇದನ್ನ ಹೋದ ಗಾಡಿ ಅಂತ ಹೆಂಗೆ ಹೇಳೋದು?"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಪ್ರಶ್ನೆ ಕೇಳಿದ ನಮ್ಮಲ್ಲೇ ತಪ್ಪಿತ್ತು.

ನಾನು ಜಲಜಾ. ರಾಜಾಜಿನಗರದಲ್ಲಿ, ಒಂದು ಸ್ಟೇಷನರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಪತ್ತೇದಾರಿ ಕಚೇರಿ ನಡೆಸುತ್ತೇನೆ. ಹೆಣ್ಣು ಕೊಡುವ ಮುಂಚೆ ಗಂಡಿನ ಸಂಬಳ, ಸಿಗರೇಟು, ಹಳೆಯ ಪ್ರೇಮ ಇವನ್ನೆಲ್ಲ ಕೆದಕಿ ನೋಡುವುದು ನನ್ನ ಹೊಟ್ಟೆಪಾಡು. ಕಲ್ಲು ಹುಡುಕಿ ಗೊತ್ತಿಲ್ಲ. ಆದರೆ ಗಂಡುಗಳನ್ನು ಹುಡುಕಿ ಅಭ್ಯಾಸವಿದ್ದವಳಿಗೆ ಕಲ್ಲು ಎಷ್ಟೋ ಸುಲಭ. ಅದು ಕೊನೆಪಕ್ಷ ಸುಳ್ಳು ಹೇಳುವುದಿಲ್ಲ.

ಊರು ಕಟ್ಟುವಾಗ ಎಲ್ಲಕ್ಕಿಂತ ಮೊದಲು ನೆಡುವುದು ಕರುಗಲ್ಲು. ದನಕ್ಕೆ ರೋಗ ಬಂದರೆ ಆ ಕಲ್ಲಿಗೆ ನೀರು ಸುರಿದು, ಹರಿದ ನೀರನ್ನು ದನದ ಮೇಲೆ ಚಿಮುಕಿಸುತ್ತಾರೆ. ಸಂಕ್ರಾಂತಿಯ ಸಂಜೆ ಅದರ ಮುಂದೆಯೇ ದನಗಳಿಗೆ ಕಿಚ್ಚು ಹಾಯಿಸುತ್ತಾರೆ. ನಮ್ಮ ಕಡೆಯ ಹಳೆಯ ಊರುಗಳಲ್ಲೆಲ್ಲ ಇಂಥದೊಂದು ಕಲ್ಲು ಇದ್ದೇ ಇರುತ್ತದೆ. ನೇಗಿಲಪಾಳ್ಯದವರ ಕಲ್ಲಿಗೆ ಮಾತ್ರ ಬೇರೆ ಯಾರಿಗೂ ಇಲ್ಲದ ಕಥೆಯಿದೆ.

ಬೆಂಗಳೂರು ಕಟ್ಟುವ ದಿನ ಪೇಟೆಯ ನಡುವಿನಿಂದ ನಾಲ್ಕು ದಿಕ್ಕಿಗೆ ನಾಲ್ಕು ನೇಗಿಲು ಹೊರಟವು, ಗೆರೆ ಬಿದ್ದಲ್ಲಿ ಬೀದಿಯಾಯಿತು, ಎತ್ತು ನಿಂತಲ್ಲಿ ಕೋಟೆಯ ಬಾಗಿಲಾಯಿತು. ಇಷ್ಟು ಕಥೆ ಬೆಂಗಳೂರಿನ ಮಕ್ಕಳಿಗೆಲ್ಲ ಗೊತ್ತು. ಆ ಪೈಕಿ ಪಡುವಣಕ್ಕೆ ಹೊರಟ ಜೋಡಿ ನಮ್ಮೂರಿನದು ಎನ್ನುತ್ತಾರೆ ನೇಗಿಲಪಾಳ್ಯದವರು. ಗೆರೆ ಮುಗಿಸಿದ ಎತ್ತು ನೊಗ ಇಳಿಸಿದ ಮೇಲೂ ನಿಲ್ಲಲಿಲ್ಲವಂತೆ. ಪಡುವಣಕ್ಕೇ ನಡೆದು ನಡೆದು ಮನೆಗೆ ಬಂದು, ಊರ ಮುಂದೆ ಮಂಡಿಯೂರಿ ಪ್ರಾಣ ಬಿಟ್ಟಿತಂತೆ. ಅಲ್ಲೇ ಈ ಕಲ್ಲು ನೆಟ್ಟರು.

ಅದಕ್ಕೇ ಇವರಿಗೆ ಅಷ್ಟು ಗತ್ತು. ಇದೇ ತಿಂಗಳು ಸುತ್ತಲಿನ ಹಳ್ಳಿಗಳೆಲ್ಲ ಬೆಂಗಳೂರು ಮಹಾನಗರಕ್ಕೆ ಸೇರುತ್ತವೆಂದು ಪೇಪರಿನಲ್ಲಿ ಬಂದಾಗ ಇಲ್ಲಿ ಯಾರೂ ಪಟಾಕಿ ಹೊಡೆಯಲಿಲ್ಲ. ಬೆಂಗಳೂರು ಕೊನೆಗೂ ನಮ್ಮೂರಿಗೆ ಸೇರಿತು ಎಂದರು. ರಾಜಾಜಿನಗರದಲ್ಲಿ ಹುಟ್ಟಿದ ನನಗೆ ಮೊದಲು ಉರಿಯಿತು. ಆಮೇಲೆ ನಗು ಬಂತು. ಈಗೀಗ ನನಗೂ ಅದು ಹೌದೆನ್ನಿಸತೊಡಗಿದೆ.

ಹೋಟೆಲಿನಿಂದ ನೇರ ಕಲ್ಲು ಕಿತ್ತ ಹೊಂಡದ ಹತ್ತಿರ ಹೋದೆ. ಚರಂಡಿ ಕೆಲಸಕ್ಕೆ ಬಂದ ಜೆಸಿಬಿಯವರು ಕಿತ್ತಿರಬಹುದೆಂದು ಪೊಲೀಸರು ಮೊದಲು ಅಂದುಕೊಂಡಿದ್ದರು. ಜೆಸಿಬಿ ಕಿತ್ತರೆ ನೆಲ ಹರಿದಿರುತ್ತದೆ. ಇಲ್ಲಿ ಹಾರೆಯ ಏಟೂ ಬಿದ್ದಿರಲಿಲ್ಲ. ಒಂದೆರಡು ದಿನ ಮುಂಚಿನಿಂದ ನೀರು ಹೊಯ್ದು ಮಣ್ಣು ಮೆತ್ತಗಾದ ಮೇಲೆ ಕೈಯಿಂದಲೇ ಬಿಡಿಸಿದ್ದರು. ಅಂಚಿನಲ್ಲಿ ಇರುವೆ ಸಾಲು ಇನ್ನೂ ಹರಿಯುತ್ತಿತ್ತು. ಕಲ್ಲು ಎತ್ತುವ ಮೊದಲು ಯಾರೋ ಸಕ್ಕರೆ ಹಾಕಿದ ಹಾಲು ಎರೆದಿದ್ದರು.

ಈ ಹಾಲೇ ನರಸಮ್ಮನ ಕುತ್ತಿಗೆಗೆ ಬಂದದ್ದು. ಎರಡು ಹಸು ಕಟ್ಟಿಕೊಂಡು ಊರಿಗೂ ಲೇಔಟಿನ ಮನೆಗಳಿಗೂ ಹಾಲು ಹಾಕುವವಳು ಅವಳು. ಸೋಮವಾರ ಬೆಳಿಗ್ಗೆ ಹೊಂಡದ ಪಕ್ಕ ಮೊಣಕೈವರೆಗೆ ಕೆಸರು ಮಾಡಿಕೊಂಡು ಕೂತಿದ್ದವಳೂ ಅವಳೇ. ಹಸುವಿಗೆ ಬಾಯಿ ಹುಣ್ಣಾಗಿತ್ತು, ಕಲ್ಲಿಗೆ ನೀರು ಹಾಕೋಣವೆಂದು ಬಂದೆ, ಕಲ್ಲಿರಲಿಲ್ಲ, ನಂಬಿಕೆ ಬಾರದೆ ಹೊಂಡದೊಳಗೆ ಕೈ ಹಾಕಿ ಹುಡುಕಿದೆ ಎಂದು ಹೇಳಿದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಮಾರನೇ ದಿನವೇ ಊರವರು ಅವಳ ಹಾಲು ನಿಲ್ಲಿಸಿದರು.

ಹಾಲು ಹೋದರೆ ಹೋಗಲಿ ಎಂದಳು ನರಸಮ್ಮ. ಅವಳ ಸಂಕಟವೇ ಬೇರೆ. ಸಂಕ್ರಾಂತಿಯ ದಿನ ಕರುಗಲ್ಲಿಗೆ ಹಾಕುವ ಮೊದಲ ಕೊಡ ನೀರು ತಲೆತಲಾಂತರದಿಂದ ಅವಳ ಮನೆಯಿಂದಲೇ ಬರಬೇಕು. ತರುವುದಷ್ಟೇ ಅವಳ ಮನೆಯವರ ಪಾಲು. ಕೊಡ ಇಸಿದುಕೊಂಡು ಕಲ್ಲಿನ ಮೇಲೆ ಸುರಿಯುವುದು ಯಜಮಾನ ಚನ್ನವೀರಪ್ಪನವರ ಮನೆ. ಪಡುವಣಕ್ಕೆ ನೇಗಿಲು ಹೂಡಿದವನು ತಮ್ಮ ಮೂಲಪುರುಷ ಎಂದು ಅವರ ಲೆಕ್ಕ. ಹಬ್ಬದೊಳಗೆ ಕಲ್ಲು ಸಿಗದಿದ್ದರೆ ನೀರು ತರುವ ಹಕ್ಕೂ ನರಸಮ್ಮನ ಮನೆಗಿಲ್ಲ ಎಂದು ಊರು ಹೇಳಿಬಿಟ್ಟಿತ್ತು. ಹಬ್ಬ ನಾಡಿದ್ದು.

ನಾನು ಹೊಂಡದ ಪಕ್ಕ ಕೂತು ಯೋಚಿಸಿದೆ. ಮಣ್ಣು ನೋಯದಂತೆ ಬಿಡಿಸಿದ್ದಾರೆ. ಹಾಲೆರೆದಿದ್ದಾರೆ. ಗಾಡಿ ತಿರುಗಿಸಲು ಬೇಕಾದಷ್ಟು ಜಾಗವಿದ್ದರೂ ತಿರುಗಿಸದೆ, ಮೇನ್ ರೋಡಿನವರೆಗೂ ಹಿಂದಕ್ಕೇ ಓಡಿಸಿದ್ದಾರೆ.

ನರಸಮ್ಮನೇ ಒಮ್ಮೆ ಹೇಳಿದ್ದಳು. ಈ ಊರ ದೇವರನ್ನು ಯಾವ ಕಾರಣಕ್ಕಾದರೂ ಆಚೆ ಒಯ್ಯಬೇಕಾಗಿ ಬಂದರೆ ದೇವರು ಊರಿಗೆ ಬೆನ್ನು ಹಾಕಬಾರದು. ಹೊತ್ತವರೂ ಹಾಕಬಾರದು. ಊರ ಗಡಿ ದಾಟುವವರೆಗೆ ಹಿಂದೆ ಹಿಂದೆ ಹೆಜ್ಜೆ ಇಡಬೇಕು.

ಹೊರಗಿನ ಕಳ್ಳನಿಗೆ ಈ ಉಸಾಬರಿ ಯಾಕೆ? ಕದಿಯುವಾಗಲೂ ಮರ್ಯಾದೆ ತಪ್ಪದ ಕಳ್ಳ ಈ ಊರಿನವನೇ ಆಗಿರಬೇಕು. ನನಗೆ ಅವನ ಮೇಲೆ ಸಿಟ್ಟಿನ ಜೊತೆಗೆ ಸ್ವಲ್ಪ ಗೌರವವೂ ಬಂತು.

ಕಿಟ್ಟಿ ಹೇಳಿದ ಪೀಪಿಯ ರಾಗ ಹಿಡಿದು ಹೊರಟೆ. ಅಂಥ ಪೀಪಿ ಇರುವ ಲಗೇಜ್ ಟೆಂಪೊ ಸಿಕ್ಕಿದ್ದು ಊರ ಗಡಿಯಾಚೆ, ಹೆಗ್ಗನಹಳ್ಳಿ ಕಡೆಗೆ ಎದ್ದು ನಿಂತ ಒಂದು ನಾಲ್ಕು ಮಹಡಿಯ ಮನೆಯ ಮುಂದೆ. ಗೋಕಾಕಿನ ಕಡೆಯ ಬಾಳೇಶ ಎಂಬವನ ಗಾಡಿ. ಅವನು ಬಕೆಟ್ಟಿಟ್ಟುಕೊಂಡು ಅದನ್ನು ತೊಳೆಯುತ್ತಿದ್ದ. ಭಾನುವಾರದ ಬಾಡಿಗೆಯ ಬಗ್ಗೆ ಕೇಳಿದರೆ ನೆಲ ನೋಡಿದ. ಅಷ್ಟು ದೂರ ಹಿಂದಕ್ಕೆ ಓಡಿಸಿದ್ದು ಯಾಕೆ ಎಂದೆ.

"ನನಗೇನ ಗೊತ್ರಿ ಅಕ್ಕಾರ. ಹಿಂದಕ್ಕ ಹೊಡಿ ಅಂದ್ರು, ಹೊಡದೆ," ಎಂದ. "ಮಾಲಕರನ್ನ ಕೇಳ್ರಿ."

ಆ ಮನೆಯ ಮಾಲೀಕರು ಚನ್ನವೀರಪ್ಪನವರು. ಕಲ್ಲು ಕಾಣೆಯಾಗಿದೆಯೆಂದು ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟವರೂ ಅವರೇ.

ಯಜಮಾನರು ಗೇಟಿನ ಒಳಗೆ ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸುತ್ತಿದ್ದರು. ಎಪ್ಪತ್ತು ದಾಟಿದ ಆಳು, ಇಸ್ತ್ರಿ ಮಾಡಿದ ಪಂಚೆ, ಹಣೆ ತುಂಬ ವಿಭೂತಿ. ನನ್ನನ್ನು ಕಂಡು ಇನ್ನೊಂದು ಕುರ್ಚಿ ತರಿಸಿದರು, ಮಜ್ಜಿಗೆ ಕೊಡಿಸಿದರು. ಮನೆತನದವರು ಎನ್ನುವುದು ಕೂರಿಸುವ ರೀತಿಯಲ್ಲೇ ತಿಳಿಯುತ್ತದೆ. ಇಂಥವರನ್ನು ಕಳ್ಳ ಎನ್ನಲು ನಾಲಿಗೆ ಹೊರಳುವುದಿಲ್ಲ, ಆದರೂ ಹೊರಳಿಸಬೇಕಾಗಿತ್ತು.

"ಭಾನುವಾರ ಬಾಳೇಶನ ಪಕ್ಕ ಗಾಡೀಲಿ ಕೂತಿದ್ದು ಯಾರು ಯಜಮಾನ್ರೇ?" ಎಂದೆ.

ಅವರು ಮೈಮೇಲಿನ ಟವೆಲು ಸರಿ ಮಾಡಿಕೊಂಡರು. ನಾನು ಕಲ್ಲು ಕದ್ದವನ ವಿಷಯ ಹೇಳಿದೆ. ಮಣ್ಣು ಮೆತ್ತಗೆ ಮಾಡಿದ್ದು, ಹಾಲೆರೆದದ್ದು, ಗಾಡಿ ಹಿಂದಕ್ಕೆ ಹೋದದ್ದು.

"ಕಳ್ಳ ಯಾವನಾದ್ರೂ ಹಂಗೆ ಹಿಂದಕ್ಕೆ ಹೋಗ್ತಾನಾ ಮೇಡಂ?"

"ಕಳ್ಳ ಹೋಗಲ್ಲ. ಭಕ್ತ ಹೋಗ್ತಾನೆ."

ಮುದುಕರ ಕಣ್ಣಲ್ಲಿ ನೀರು ಬಂತು. ಅದನ್ನು ಅವರು ಮುಚ್ಚಿಡಲೂ ಇಲ್ಲ.

"ಕದ್ದೆ ಅನ್ಬೇಡಿ," ಎಂದರು. "ನಮ್ಮಪ್ಪನ್ನ ಆಸ್ಪತ್ರೆಯಿಂದ ಮನೆಗೆ ಕರ್ಕೊಂಡ್ ಬಂದಾಗ ಹೆಂಗೆ ಬಂದಿದ್ನೋ ಹಂಗೆ ಬಂದೆ. ಒಂದು ಗೀರು ಬೀಳೋಕೆ ಬಿಡ್ಲಿಲ್ಲ."

ಔತಣಕ್ಕೆ ಹೋದವರು ಸಕ್ಕರೆ ಕಾಯಿಲೆಯ ಮಾತ್ರೆ ಮನೆಯಲ್ಲೇ ಮರೆತೆನೆಂದು ಹೇಳಿ ಎದ್ದು ಬಂದಿದ್ದರು. ಬಾಡಿಗೆಗಿದ್ದ ಹುಡುಗರಲ್ಲಿ ಬಾಳೇಶನನ್ನೂ ಇನ್ನು ಮೂವರನ್ನೂ ಕರೆದು, ಮನೆಯ ಮುಂದೆ ನಿಲ್ಲಿಸುವ ಕಲ್ಲು ಎಂದು ಸುಳ್ಳು ಹೇಳಿ ಎತ್ತಿಸಿದ್ದರು. ಹುಡುಗರು ಈ ಕಡೆಗೆ ಹೊಸಬರು, ಕರುಗಲ್ಲಿನ ಸುದ್ದಿ ಅವರಿಗೇನು ಗೊತ್ತು?

ಇಷ್ಟೆಲ್ಲ ಯಾಕೆ ಎಂದು ಕೇಳಿದೆ. ಬಸವೇಶ್ವರನಗರದ ಶ್ರೀರಾಮ್ ಎಂಬ ಇತಿಹಾಸದ ಮೇಷ್ಟ್ರ ಹೆಸರು ಹೇಳಿದರು. ಹೋದ ತಿಂಗಳು ಆ ಮೇಷ್ಟ್ರು ಬಂದು ಕಲ್ಲಿನ ಫೋಟೊ ತೆಗೆದು, ನೆಲದ ಮೇಲಿರುವಷ್ಟೇ ಕಲ್ಲು ನೆಲದೊಳಗೂ ಇದೆ, ಅಲ್ಲಿ ಏನಾದರೂ ಕೆತ್ತಿರಬಹುದು, ಅಗೆದು ನೋಡೋಣವೇ ಎಂದು ಕೇಳಿದ್ದರಂತೆ. ಚನ್ನವೀರಪ್ಪನವರು ಊರೆಲ್ಲರ ಎದುರು ಎದೆಯುಬ್ಬಿಸಿ ಒಪ್ಪಿದ್ದರು. ಹಬ್ಬಕ್ಕೆ ಮುಂಚೆಯೇ ಅಗೆಯಿರಿ, ನಮ್ಮ ಎತ್ತಿನ ಕಥೆ ನಿಜವೋ ಸುಳ್ಳೋ ಜಗತ್ತು ನೋಡಲಿ ಎಂದಿದ್ದರು.

ಮಾತು ಕೊಟ್ಟು ಮನೆಗೆ ಬಂದು ಉಣ್ಣಲು ಕೂತಾಗ ಹಳೆಯದು ನೆನಪಾಯಿತಂತೆ.

"ನಾನು ಚಿಕ್ಕೋನಿದ್ದಾಗ ಒಂದು ಮಳೆಗಾಲ ಕಲ್ಲು ವಾಲಿತ್ತು. ನಮ್ಮಜ್ಜ ಒಬ್ರೇ ನಿಂತು ನೆಟ್ಟಗೆ ಮಾಡ್ಸಿದ್ರು. ಬೇರೆಯೋರನ್ನ ಹತ್ರ ಬಿಡ್ಲಿಲ್ಲ. ನಾನು ಬಗ್ಗಿ ನೋಡ್ಬಿಟ್ಟೆ."

"ಏನಿತ್ತು?"

"ಎತ್ತಿನ ಜೋಡಿ ಇತ್ತು ಮೇಡಂ. ಅದು ಸುಳ್ಳಲ್ಲ. ನಮ್ಮೂರಿನ ಮಾತು ಸುಳ್ಳಲ್ಲ." ಅವರ ಧ್ವನಿ ಒಮ್ಮೆ ಏರಿ ಹಾಗೇ ಇಳಿಯಿತು. "ನೇಗಿಲೂ ಇತ್ತು. ಹಿಡಿದಿರೋದು ಗಂಡಸಲ್ಲ. ದೊಡ್ಡ ತುರುಬು, ಕೈ ತುಂಬ ಬಳೆ."

ನಾನು ಮಜ್ಜಿಗೆ ಲೋಟ ಹಿಡಿದುಕೊಂಡೇ ಕೂತಿದ್ದೆ. ನರಸಮ್ಮ ಹಾಲು ಕರೆಯುವಾಗ ಗುನುಗುವ ಪದವೊಂದನ್ನು ಕೇಳಿದ್ದೆ. ಗಂಡ ಮಲಗವನೆ ಚಳಿಜ್ವರ, ಗಂಗವ್ವ ಮೇಳಿ ಹಿಡಿದವಳೆ ಪಡುವಲಕೆ, ಎತ್ತೇ, ಊರು ಹುಟ್ಟಿತು ನಿನ್ನ ಹಿಂದೆ. ಮೇಳಿಯೆಂದರೆ ನೇಗಿಲ ಹಿಡಿ. ಗಂಗವ್ವ ನಮ್ಮನೆ ಹೆಣ್ಣುಮಗಳು ಕಣವ್ವ ಎಂದು ಅವಳು ಹೇಳಿದಾಗ ನಾನು ಹೂಂಗುಟ್ಟಿ ಸುಮ್ಮನಾಗಿದ್ದೆ. ಊರವರು ಅದನ್ನು ಹಾಲು ಕರೆಯುವವರ ಹಾಡು ಎಂದು ನಗುತ್ತಿದ್ದರು.

ಪಡುವಣದ ಗೆರೆಯೇ ಬೀದಿಯಾದ ಚಿಕ್ಕಪೇಟೆಯಲ್ಲಿ ಎಷ್ಟು ಸಲ ಸೀರೆಗೆ ಚೌಕಾಸಿ ಮಾಡಿದ್ದೇನೋ ಲೆಕ್ಕವಿಲ್ಲ. ಅಲ್ಲಿ ಮೊದಲ ಗೆರೆ ಎಳೆದ ಕೈಯಲ್ಲಿ ಬಳೆಯಿತ್ತು ಎಂದು ಒಂದು ಕಲ್ಲು ನಾನೂರು ಚಿಲ್ಲರೆ ವರ್ಷದಿಂದ ನೆಲದೊಳಗೆ ಹೇಳಿಕೊಂಡು ನಿಂತಿದೆ. ಕಥೆಯೋ ಇತಿಹಾಸವೋ ಮೇಷ್ಟ್ರು ನೋಡಿಕೊಳ್ಳಲಿ. ನನಗಂತೂ ಹೆಮ್ಮೆಯಾಯಿತು, ನನ್ನ ಮನೆಯದೇ ಸುದ್ದಿಯೇನೋ ಅನ್ನುವಷ್ಟು.

"ನಿಮ್ಮಜ್ಜನಿಗೆ ಗೊತ್ತಿತ್ತು," ಎಂದೆ.

"ಕಂಡಿದ್ದು ಬಾಯಿ ಬಿಟ್ರೆ ಮೊದಲ ನೀರು ಸುರಿಯೋ ಹಕ್ಕು ನಮ್ಮನೆ ಕೈತಪ್ಪಿ ಹೋಗ್ತದೆ ಅಂದ್ರು. ಅವತ್ತಿಂದ ಬಿಟ್ಟಿಲ್ಲ."

ಮೇಷ್ಟ್ರ ಉತ್ಸಾಹ ಇಳಿದ ಮೇಲೆ ಕಲ್ಲು ಸಿಕ್ಕಿತೆಂದು ತಂದು, ಬುಡಕ್ಕೆ ಕಾಂಕ್ರೀಟು ಹಾಕಿಸಿ ನಿಲ್ಲಿಸುವುದು ಅವರ ಯೋಚನೆಯಾಗಿತ್ತು. ಆಮೇಲೆ ಯಾರೂ ಅಗೆಯುವ ಹಾಗಿರುವುದಿಲ್ಲ. ನನಗೆ ರೇಗಿತು. ಒಂದು ಹೆಂಗಸಿನ ಹಾಲು ನಿಂತಿದೆ, ಹೆಸರು ಬೀದಿಗೆ ಬಿದ್ದಿದೆ, ನೀವು ಇಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದೀರಲ್ಲ ಎಂದು ಗಟ್ಟಿಯಾಗಿಯೇ ಹೇಳಿದೆ.

"ಅವಳ ಹೆಸರು ಬರ್ತದೆ ಅಂತ ಅನ್ಕೊಂಡಿರ್ಲಿಲ್ಲ," ಎಂದರು. "ಬಂದ್ಮೇಲೆ ನನಗೆ ಬಾಯಿ ಬರ್ಲಿಲ್ಲ."

ಊರವರ ಮುಂದೆ ಇವತ್ತೇ ನೀವಾಗಿ ಹೇಳಬೇಕು, ಇಲ್ಲದಿದ್ದರೆ ನಾನು ಹೇಳುತ್ತೇನೆ ಎಂದೆ. ಹೇಳಿಕೆ ನನ್ನದಾದರೆ ಕಳ್ಳರೆನ್ನುತ್ತಾರೆ. ನಿಮ್ಮದಾದರೆ ಯಜಮಾನರೇ ಎನ್ನುತ್ತಾರೆ. ಮಹಡಿಯ ಮೇಲೆ ಯಾರದೋ ಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ಕೇಳುತ್ತಿತ್ತು.

ಕೊನೆಗೆ ಎದ್ದು ನಿಂತು ಟವೆಲನ್ನು ಹೆಗಲಿಗೆ ಹಾಕಿಕೊಂಡರು. ಬೆನ್ನು ನೆಟ್ಟಗೇ ಇತ್ತು.

"ಹೇಳ್ತೀನಿ ನಡೀರಿ. ನಮ್ಮೂರ ಎತ್ತು ಬೆಂಗಳೂರನ್ನ ಉತ್ತಿದ್ದು ನಿಜ ತಾನೆ. ಮೇಳಿ ಯಾರು ಹಿಡಿದ್ರೂ ಊರು ನಮ್ಮದೇ. ಮೊದಲು ಕಲ್ಲು ನೋಡಿ, ಬನ್ನಿ."

ಆ ಹೊತ್ತಿನಲ್ಲಿ ಆ ಮುದುಕರ ಕಾಲು ಮುಟ್ಟಬೇಕೆನ್ನಿಸಿತು.

ಮನೆಯ ಹಿಂದೆ ಹಳೆಯ ಕೊಟ್ಟಿಗೆಯೊಂದು ಉಳಿದಿತ್ತು. ದನಗಳಿಲ್ಲ, ಮುರಿದ ಮಂಚ, ಹಳೆಯ ನೀರಿನ ಟ್ಯಾಂಕು, ಮೂಲೆಯಲ್ಲಿ ಹುಲ್ಲಿನ ಗುಡ್ಡೆ. ಚನ್ನವೀರಪ್ಪನವರು ಸೊಂಟದ ಕೀಲಿ ತೆಗೆದು ಬಾಗಿಲು ತೆರೆದರು. ಚಪ್ಪಲಿ ಆಚೆ ಬಿಟ್ಟು ಒಳಗೆ ಹೋಗಿ ಹುಲ್ಲನ್ನು ಎರಡೂ ಕೈಯಿಂದ ಸರಿಸತೊಡಗಿದರು. ಮೊದಲು ಮೆಲ್ಲಗೆ ಸರಿಸುತ್ತಿದ್ದವರು ಆಮೇಲೆ ಗಬಗಬನೆ ಎಳೆದು ಎಸೆದರು.

ಕೆಳಗೆ ನೆಲವಿತ್ತು. ಕಲ್ಲು ಮಲಗಿದ್ದ ಗುರುತು ಉದ್ದಕ್ಕೆ ತಗ್ಗಾಗಿ ಮೂಡಿತ್ತು. ಕಲ್ಲಿರಲಿಲ್ಲ.

ಅವರು ಆ ತಗ್ಗಿನ ಮೇಲೆ ಅಂಗೈ ಇಟ್ಟು ಕೂತುಬಿಟ್ಟರು. ಬೆಳಿಗ್ಗೆ ಪೂಜೆ ಮಾಡಿ ಬೀಗ ಹಾಕಿದ್ದೇನೆ, ಆಗ ಇತ್ತು ಎಂದರು. ಮುಖ ನೋಡಿದರೆ ನಾಟಕವಲ್ಲವೆಂದು ತಿಳಿಯುತ್ತಿತ್ತು. ನಾನು ಹಿಂಬದಿಗೆ ಹೋದೆ. ಗೋಡೆಯ ಬದಲು ನಿಲ್ಲಿಸಿದ್ದ ತಗಡಿನ ಶೀಟೊಂದನ್ನು ಮೊಳೆ ಕಿತ್ತು ಪಕ್ಕಕ್ಕೆ ಒರಗಿಸಿದ್ದರು. ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ. ಒಮ್ಮೆ ಹೊತ್ತ ಹೆಗಲುಗಳೇ ಮತ್ತೊಮ್ಮೆ ಹೊತ್ತಿರಬೇಕು. ಆದರೆ ಈ ಸಲ ಹೊರಿಸಿದವರು ಯಾರು?

ಅಷ್ಟರಲ್ಲಿ ನನ್ನ ಮೊಬೈಲು ಹೊಡೆದುಕೊಂಡಿತು. ಕಿಟ್ಟಿಯ ಫೋನು. ಹಿಂದೆ ಜನರ ಗದ್ದಲ ಕೇಳುತ್ತಿತ್ತು.

"ಮೇಡಂ, ಬೇಗ ಬನ್ನಿ. ನರಸಮ್ಮ ಹೊಂಡದ ಹತ್ರ ಕೂತವ್ರೆ. ಕಲ್ಲು ತೆಗೆದಿದ್ದು ನಾನೇ ಅಂತ ಇನ್ಸ್‌ಪೆಕ್ಟರ್ ಮುಂದೆ ಹೇಳ್ಬಿಟ್ರು."

ಫೋನನ್ನು ಅವಳ ಕೈಗೆ ಕೊಡು ಎಂದೆ. ನನ್ನ ಫೋನು ಹಳೆಯದು, ಪಕ್ಕದಲ್ಲಿರುವವರಿಗೆಲ್ಲ ಕೇಳಿಸುತ್ತದೆ. ಚನ್ನವೀರಪ್ಪನವರು ಕೂತಲ್ಲಿಂದಲೇ ತಲೆ ಎತ್ತಿದರು.

ಸುಮ್ಮನಿರು ನರಸಮ್ಮ, ಒಂದು ಮಾತೂ ಆಡಬೇಡ, ಕಳ್ಳ ಸಿಕ್ಕಿದ್ದಾರೆ, ಅವರ ಬಾಯಿಂದಲೇ ಹೇಳಿಸುತ್ತೇನೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

"ಬ್ಯಾಡ ಕಣವ್ವ," ಎಂದಳು ನರಸಮ್ಮ. ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. "ಆವತ್ತು ತೆಗೆದಿದ್ದೂ ನಾನೇ, ಇವತ್ತು ತೆಗೆದಿದ್ದೂ ನಾನೇ ಅಂತ ಬರ್ಸಿವ್ನಿ, ಬೇರೆ ಯಾರ ಹೆಸರೂ ಬರೋದು ಬ್ಯಾಡ. ಕಲ್ಲಿನ ಬುಡ ಕಣ್ಣಾರೆ ನೋಡ್ದೆ. ನಮ್ಮವ್ವ ಗಂಗವ್ವ ಎಷ್ಟು ಚೆಂದ ನಿಂತವ್ಳೆ ಗೊತ್ತಾ? ಅವಳನ್ನ ನಾನು ಮನೆಗೆ ಕರ್ಕೊಂಡ್ರೆ ಅದು ಕಳ್ಳತನ ಹೆಂಗಾಯ್ತದೆ? ಸಂಕ್ರಾಂತಿ ದಿವ್ಸ ಮೊದಲ ನೀರು ನನ್ನ ಕೈಲಿ ಹಾಕಿಸ್ತೀವಿ ಅಂತ ಊರೋರೆಲ್ಲ ನಿಂತು ಒಪ್ಲಿ. ಆಗ ಹೇಳ್ತೀನಿ ಎಲ್ಲೈತೆ ಅಂತ. ಅಲ್ಲೀಗಂಟ ಜೈಲಾದ್ರೆ ಜೈಲು."

ಜೀಪಿನ ಬಾಗಿಲು ಹಾಕಿದ ಸದ್ದು ಕೇಳಿತು. ಆಮೇಲೆ ಫೋನು ಕಟ್ಟಾಯಿತು.

ಬಾಳೇಶ ಗಾಡಿ ತೊಳೆಯುತ್ತಿದ್ದುದೂ ನೆಲ ನೋಡಿದ್ದೂ ಯಾಕೆಂದು ಈಗ ಹೊಳೆಯಿತು, ಹಾಲು ಹಾಕುವ ಮನೆಗಳ ಕಡೆಯಿಂದಲೇ ಅವಳಿಗೆ ಸುದ್ದಿ ಮುಟ್ಟಿರಬೇಕು. ಅವಳ ಮಾತಿಗೆ ಖುಷಿಪಡಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಅವಳನ್ನು ಬಿಡಿಸಲು ನನ್ನ ಹತ್ತಿರ ಉಳಿದಿದ್ದುದು ಒಂದೇ, ಯಜಮಾನರ ಬಾಯಿಮಾತು. ಅವರ ಕಡೆ ತಿರುಗಿದೆ.

ಅವರು ಎದ್ದು ನಿಂತಿದ್ದರು. ಪಂಚೆಗೆ ಅಂಟಿದ್ದ ಹುಲ್ಲನ್ನು ಒಂದೊಂದಾಗಿ ತೆಗೆದರು. ಚೆಲ್ಲಿದ ಹುಲ್ಲನ್ನು ಕಾಲಿನಿಂದ ಆ ತಗ್ಗಿನ ಮೇಲೆ ಎಳೆದರು. ನಾನು ಹೊರಗೆ ಬರುವವರೆಗೆ ಕಾದು, ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಅವಳೇ ಒಪ್ಕೊಂಡಾಯ್ತಲ್ಲ ಮೇಡಂ," ಎಂದರು. "ಈ ಕೊಟ್ಟಿಗೇಲಿ ಯಾವ ಕಲ್ಲೂ ಇರ್ಲಿಲ್ಲ."